ಲೆಕ್ಕದ ಮುಖ ಯಾರ ಕಡೆ ಇರಬೇಕು?

ನಮ್ಮ ವಾಚನಾಲಯದ ಮಳೆ ವಹಿಯನ್ನು ಕಂಪ್ಯೂಟರಿಗೆ ಏರಿಸಬೇಕು ಅನ್ನೋದರಲ್ಲಿ ಊರಾಗ ಯಾರದೂ ತಕರಾರಿಲ್ಲ. ದಿನದ ಮಳೆ ಎಷ್ಟು, ಅಮಾಸಿಗೊಮ್ಮೆ ಬಾವಿಗಳ ನೀರು ಎಷ್ಟು ಫೂಟು ಕೆಳಗೆ ಹೋಗೇತಿ ಅಂತ ವರ್ಷಾನುಗಟ್ಟಲೆ ಬರೆದಿಟ್ಟದ್ದು ಗೆದ್ದಲ ಪಾಲಾಗಬಾರದು. ಲೆಕ್ಕ ಮಾಡೂದಕ್ಕ ‘ಆರ್’ ಅನ್ನುವ ಸಾಫ್ಟ್‌ವೇರ್ ಇರಲಿ ಅನ್ನೋದಕ್ಕೂ ಎಲ್ಲರೂ ಒಪ್ಪಿದ್ದಾರೆ. ಅದಕ್ಕೆ ರೊಕ್ಕ ಕೊಡಬೇಕಾಗಿಲ್ಲ, ಸಂಖ್ಯಾಶಾಸ್ತ್ರ ಕಲಿತ ಹುಡುಗರಿಗೆಲ್ಲ ಅದು ಗೊತ್ತಿದ್ದದ್ದೇ. ಜಗಳ ಇರೋದು ಬೇರೆ ಕಡೆ. ಆ ಲೆಕ್ಕಕ್ಕೆ ಮುಖ ಯಾವುದು? ಅಂದ್ರ, ಪರದೆಯ ಮೇಲೆ ಕಾಣುವ ಚೌಕ, ಗುಂಡಿ, ಪಟ್ಟಿ, ನಕ್ಷೆ ಇವನ್ನು ಯಾವ ಸಲಕರಣೆಯಿಂದ ಕಟ್ಟಬೇಕು?

ಈ ಮಾತಿನ ಮೇಲೆ ಮೂರು ಪಂಗಡ ಆಗ್ಯಾವು. ಮೊದಲನೇ ಪಂಗಡ ಅನ್ನೂದು: “ಮುಖದಾಗೇನೈತಿ, ಒಳಗಿನ ಲೆಕ್ಕ ಸರಿ ಇದ್ರ ಸಾಕು.” ಎರಡನೇ ಪಂಗಡ: “ಈಗ ಬಂದದ್ದರಲ್ಲಿ ಎಲ್ಲಕ್ಕಿಂತ ಹೊಸದು, ಮಿಂಚೂದು ಯಾವುದೈತಿ ಅದನ್ನ ತರೂಣು.” ಮೂರನೇ ಪಂಗಡ: “ಹಳ್ಳಿ ಮಂದಿಗೆ ಇಷ್ಟೆಲ್ಲಾ ಯಾಕ ಬೇಕು, ಒಂದು ಗುಂಡಿ ಇಡೂಣು, ಒತ್ತಿದರ ಒಂದು ಉತ್ತರ ಬರಲಿ.” ಈ ಮೂರೂ ಮಾತು ತಪ್ಪು ಅಂತ ನಾನು ಹೇಳುವವನು. ಯಾಕೆ ತಪ್ಪು ಅನ್ನೋದನ್ನು ಗುರುಗಳೂ ರೈತ ಬಾಂಧವರೂ ತಾಳ್ಮೆಯಿಂದ ಓದಬೇಕು.

ಏಳನೇ ಇಯತ್ತೆ ಕಲಿತ ಹಂತಿ ಪದದ ಮುದುಕನಿಗೆ ಕಂಪ್ಯೂಟರಿನ ಮಾತು ಯಾಕೆ ಅಂತ ಕೆಲವರು ನಗತಾರ. ನಗಲಿ. ನಾನು ಕೂರಿಗಿ ಹೊಡೆದವನು. ಕೂರಿಗಿಯ ತಾಳು ಭೂಮಿ ಸೀಳತಾವು, ಕೊಳವಿಯೊಳಗಿಂದ ಕಾಳು ಇಳೀತಾವು. ಅದು ಒಳಗಿನ ಕೆಲಸ. ಆದರೆ ಬೀಜ ಹಿಡಿದ ಹೆಣ್ಣುಮಗಳ ಕೈ ಮುಟ್ಟೋದು ಎಲ್ಲಿ? ಮೇಲಿನ ಬಟ್ಟಲಕ್ಕೆ. ಬಟ್ಟಲ ಅಕೀ ಕೈಗೆ ಎಟುಕದಷ್ಟು ಎತ್ತರ ಇದ್ದರ, ತೂತು ಓರೆ ಇದ್ದರ, ತಾಳು ಎಷ್ಟೇ ಗಟ್ಟಿಮುಟ್ಟಾಗಿರಲಿ, ಒಂದು ಸಾಲಿನಾಗ ಜೋಳ ಒತ್ತೊತ್ತು, ಇನ್ನೊಂದು ಸಾಲು ಬರೇ ಮಣ್ಣು. ಬಟ್ಟಲ ಕೆಟ್ಟಿದ್ದರ ಬಿತ್ತಿಗೆ ಕೆಟ್ಟಂಗ. ಲೆಕ್ಕದ ಸಾಫ್ಟ್‌ವೇರಿನ ಪರದೆ ಅಂದರೆ ಕೂರಿಗಿಯ ಬಟ್ಟಲ. ಮುಖದಾಗೇನೈತಿ ಅನ್ನುವವರು ಒಮ್ಮೆ ಬಿತ್ತಲಿಕ್ಕೆ ಬರಲಿ.

ಇನ್ನೊಂದು ಮಾತು. ಕಣದಾಗ ರಾಶಿ ಅಳೆಯುವಾಗ ನಾವು ‘ಒಂದು’ ಅನ್ನೂದಿಲ್ಲ, ‘ಲಾಭ’ ಅಂತೀವಿ. ಲಾಭ, ಎರಡು, ಮೂರು ಅಂತ ಗಟ್ಟಿಯಾಗಿ ಕೂಗಿ ಅಳೀತೀವಿ. ಅಳೆಯುವವನ ಬಾಯಿಯ ಎಣಿಕೆ ಹೊಲದ ಒಡೆಯನಿಗೂ ಕೇಳತೈತಿ, ಕೂಲಿಗೆ ಬಂದವರಿಗೂ ಕೇಳತೈತಿ, ಆಯ ತಗೊಳ್ಳಲಿಕ್ಕೆ ನಿಂತ ಬಡಿಗ, ಕಮ್ಮಾರರಿಗೂ ಕೇಳತೈತಿ. ಎಣಿಕೆ ತಪ್ಪಿದರ ಅಲ್ಲೇ ಯಾರಾದರೂ ಹಿಡೀತಾರ. ಕಾಗದದ ಮೇಲೆ ಏನೂ ಬರೆಯದೇ ನಮ್ಮ ಹಿರಿಯರ ಲೆಕ್ಕ ನಂಬಿಕೆಯದಾಗಿತ್ತು, ಯಾಕಂದರೆ ಅದು ಎಲ್ಲರ ಎದುರಿಗೆ ಆಗತಿತ್ತು. ಈಗ ಆ ಕೂಗಿನ ಜಾಗಕ್ಕೆ ಪರದೆ ಬಂದಿದೆ. ಪರದೆಯೂ ಎಲ್ಲರಿಗೂ ಕೇಳಿಸುವಂತೆ, ಕಾಣುವಂತೆ ಇರಬೇಕೋ ಬೇಡವೋ? ಇಷ್ಟೇ ನನ್ನ ವಾದದ ಬೇರು.

ಈಗ ಒಳಗಿನ ಸಂಗತಿಗೆ ಬರೋಣ. ಸೋಲಾಪುರದಲ್ಲಿ ಸಂಖ್ಯಾಶಾಸ್ತ್ರ ಓದುವ ನನ್ನ ಮಗಳ ಮಗ ಎಲ್ಲವನ್ನೂ ತೆರೆದು ತೋರಿಸಿದ್ದಾನೆ, ನಾನು ಕೇಳಿ ಕೇಳಿ ತಿಳಿದುಕೊಂಡಿದ್ದೇನೆ.

ಸಂಖ್ಯಾಶಾಸ್ತ್ರದ ಸಾಫ್ಟ್‌ವೇರುಗಳಿಗೆ ಮೊದಲಿಗೆ ಮುಖ ಅನ್ನೋದೇ ಇರಲಿಲ್ಲ. ಅಮೇರಿಕದಲ್ಲಿ ‘ಎಸ್‌ಪಿಎಸ್‌ಎಸ್’ ಅನ್ನುವುದು 1968ರಲ್ಲಿ ಬಂದಾಗ ತೂತು ಹೊಡೆದ ಕಾರ್ಡುಗಳ ಗಡ್ಡಿ ಕೊಟ್ಟು, ಅಚ್ಚಾದ ಉತ್ತರಕ್ಕಾಗಿ ಕಾಯಬೇಕಾಗಿತ್ತು. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಚೇಂಬರ್ಸ್ ಮತ್ತು ಅವರ ಜೊತೆಗಾರರು ‘ಎಸ್’ ಅನ್ನುವ ಭಾಷೆ ಕಟ್ಟಿದರು. ಅದರ ದಾರಿಯಲ್ಲೇ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಅನ್ನುವ ಇಬ್ಬರು ಮಾಸ್ತರರು ‘ಆರ್’ ಮಾಡಿದರು. ಇಬ್ಬರ ಹೆಸರಿನ ಮೊದಲ ಅಕ್ಷರವೂ ಅದೇ. 1995ರಿಂದ ಅದನ್ನು ಎಲ್ಲರಿಗೂ ತೆರೆದಿಟ್ಟರು. ಯಾರು ಬೇಕಾದರೂ ಬಳಸಬಹುದು, ಒಳಗೆ ಬಿಚ್ಚಿ ನೋಡಬಹುದು, ತಿದ್ದಬಹುದು. ಆದರೆ ಆರ್ ತೆರೆದರೆ ಕಾಣೋದು ಬರೀ ಒಂದು ಕಿಟಕಿ, ಅದರೊಳಗೊಂದು ಬಾಣದ ಗುರುತು. ಅಪ್ಪಣೆ ಟೈಪು ಮಾಡು, ಉತ್ತರ ಕೊಡತೀನಿ ಅಂತ ಅದು ಕುಂತಿರತೈತಿ. ಒಂದು ಅಲ್ಪವಿರಾಮ ಬಿಟ್ಟರೂ ಮುಂದೆ ಹೋಗೂದಿಲ್ಲ.

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಜಾನ್ ಫಾಕ್ಸ್ ಅನ್ನುವ ಪ್ರಾಧ್ಯಾಪಕರು ಇದಕ್ಕೆ ಒಂದು ಉಪಾಯ ಮಾಡಿದರು. ಸಂಖ್ಯಾಶಾಸ್ತ್ರ ಹೊಸದಾಗಿ ಕಲಿಯುವವರು ಅಪ್ಪಣೆಗಳ ಜೊತೆ ಗುದ್ದಾಡುತ್ತ ಕೂಡಬಾರದು ಅಂತ ‘ಆರ್ ಕಮಾಂಡರ್’ ಕಟ್ಟಿದರು. ಮೇಲೆ ಪಟ್ಟಿ, ಪಟ್ಟಿ ಒತ್ತಿದರೆ ಚೌಕ, ಚೌಕದಲ್ಲಿ ಆರಿಸಿದರೆ ಲೆಕ್ಕ. ಅದನ್ನು ಕಟ್ಟಿದ್ದು ‘ಟಿಕೆ’ ಅನ್ನುವ ಸಲಕರಣೆಯಿಂದ. ಅದು ಆರ್ ಜೊತೆಗೇ ಬರುತ್ತದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರ ಮೇಲೂ ನಡೆಯುತ್ತದೆ. ಥಳಕು ಇಲ್ಲ, ಹಳೇ ಕಾಲದ ಮುಖ. ನನ್ನ ಮೊಮ್ಮಗ, “ಮುತ್ಯಾ, ಇದು ಹಳೇ ಸಾಮಾನ” ಅಂದ. ಆದರೆ ನನಗೆ ಅದರೊಳಗಿನ ಒಂದು ಗುಣ ಬಹಳ ಹಿಡಿಸಿತು. ನೀವು ಗುಂಡಿ ಒತ್ತಿ ಏನು ಮಾಡಿದಿರಿ ಅನ್ನುವುದರ ಅಪ್ಪಣೆಯನ್ನು ಅದು ಮೇಲಿನ ಕಿಟಕಿಯಲ್ಲಿ ಬರೆದು ತೋರಿಸುತ್ತದೆ. ಗುಂಡಿ ಒತ್ತಿದ್ದು ಗುಟ್ಟಾಗಿ ಉಳಿಯುವುದಿಲ್ಲ. ಇದು ಲಾಭ, ಎರಡು, ಮೂರು ಅಂತ ಕೂಗಿ ಅಳೆಯುವ ರೀತಿ. ನಾಳೆ ಇನ್ನೊಬ್ಬರು ಅದೇ ಅಪ್ಪಣೆ ಓಡಿಸಿ ಅದೇ ಉತ್ತರ ಬರತೈತೋ ಇಲ್ಲೋ ನೋಡಬಹುದು. ಯಾವ ಸಲಕರಣೆ ಆರಿಸಿದರೂ ಈ ಗುಣ ಬಿಡಬಾರದು ಅಂತ ನಾನು ಹಟ ಹಿಡಿದಿದ್ದೇನೆ.

ಹಂಗಾದರ ಟಿಕೆಯನ್ನೇ ತಗೊಂಡು ನಮ್ಮ ಮಳೆ ವಹಿಯ ಮುಖ ಕಟ್ಟಬಹುದಲ್ಲ ಅಂತ ಕೇಳಿದೆ. ಇಲ್ಲೇ ನಮ್ಮ ಗಡಿ ಕನ್ನಡಿಗರ ಗಂಟು ಸಿಕ್ಕಿತು. ವಾಚನಾಲಯದ ಹಳೆ ಕಂಪ್ಯೂಟರಿನಲ್ಲಿ ಲಿನಕ್ಸ್ ಇದೆ. ಅದರಲ್ಲಿ ಟಿಕೆಯಿಂದ ಒಂದು ಚೌಕ ಮಾಡಿ ‘ಜತ್ತ’ ಅಂತ ಬರೆದರೆ ತಕಾರದ ಒತ್ತು ಕೆಳಗೆ ಇಳಿಯಲಿಲ್ಲ, ಅಕ್ಷರ ಬಿಡಿಬಿಡಿಯಾಗಿ ಸಾಲಾಗಿ ನಿಂತವು. ‘ಅಕ್ಕಲಕೋಟ’ ಅಂತ ಬರೆದರೂ ಅದೇ ಹಣೆಬರಹ. ಕಾರಣ ಇಷ್ಟು: ಕನ್ನಡ ಅಕ್ಷರಗಳಿಗೆ ಯೂನಿಕೋಡ್‌ನಲ್ಲಿ 1991ರಿಂದಲೇ ಜಾಗ ಇದೆ. ಆದರೆ ಒತ್ತಕ್ಷರಕ್ಕೆ ಬೇರೆ ಮನೆ ಇಲ್ಲ. ತ, ಅದರ ಮುಂದೆ ಅರ್ಧಾಕ್ಷರದ ಗುರುತು, ಮತ್ತೆ ತ, ಹೀಗೆ ಮೂರು ಗುರುತು ಒಳಗೆ ಇರುತ್ತವೆ. ಅವನ್ನು ಕೂಡಿಸಿ ‘ತ್ತ’ ಅಂತ ಬರೆದು ತೋರಿಸುವುದು ಪರದೆ ಕಟ್ಟುವ ಸಲಕರಣೆಯ ಕೆಲಸ. ಇಂಗ್ಲಿಷಿಗೆ ಆ ಕೆಲಸ ಬೇಕಾಗಿಲ್ಲ, ಅಕ್ಷರದ ಮುಂದೆ ಅಕ್ಷರ ಇಟ್ಟರೆ ಮುಗೀತು. ಆದ್ದರಿಂದ ಇಂಗ್ಲಿಷಿನವರು ಸಲಕರಣೆ ಆರಿಸುವಾಗ ಈ ಪ್ರಶ್ನೆ ಕೇಳೂದೇ ಇಲ್ಲ. ನಾವು ಮೊಟ್ಟಮೊದಲು ಕೇಳಬೇಕಾದದ್ದೇ ಇದು.

ನಕ್ಷೆಗೂ ಈ ರೋಗ ಐತಿ. ಆರ್ ಬರೆದ ನಕ್ಷೆಯನ್ನು ಪಿಡಿಎಫ್ ಮಾಡುವ ಅದರ ಮೂಲ ದಾರಿಯಲ್ಲಿ ಕನ್ನಡ ಬರುವುದಿಲ್ಲ. ಅದೇ ಆರ್‌ನೊಳಗೆ ‘ಕೈರೋ’ ಅನ್ನುವ ಇನ್ನೊಂದು ದಾರಿ ಇದೆ, ಅದರಲ್ಲಿ ಬರುತ್ತದೆ. ಸಾಫ್ಟ್‌ವೇರು ಅದೇ, ಲೆಕ್ಕ ಅದೇ, ದಾರಿ ಬೇರೆ. ಅದಕ್ಕೇ ನಾನು ಹೇಳೂದು: ಕನ್ನಡ ಕಂಪ್ಯೂಟರಿನಾಗ ಬರೂದಿಲ್ಲ ಅನ್ನುವವರ ಮಾತು ನಂಬಬ್ಯಾಡ್ರಿ. ಬರುವ ದಾರಿ ಆರಿಸಲಿಲ್ಲ ಅನ್ನೋದು ಖರೇ ಮಾತು.

ಉಳಿದ ಸಲಕರಣೆಗಳ ಮಾತು. ‘ಜಿಟಿಕೆ’ ಅಂತ ಒಂದಿದೆ. ಚಿತ್ರ ತಿದ್ದುವ ‘ಗಿಂಪ್’ ಅನ್ನುವ ತಂತ್ರಾಂಶಕ್ಕಾಗಿ ಹುಟ್ಟಿದ್ದು, ಈಗ ಸಂಖ್ಯಾಶಾಸ್ತ್ರದ ‘ಪಿಎಸ್‌ಪಿಪಿ’, ‘ಗ್ರೆಟಲ್’ ಇವುಗಳ ಮುಖ ಅದರಿಂದ ಕಟ್ಟಿದ್ದು. ‘ಕ್ಯೂಟಿ’ ಅಂತ ಇನ್ನೊಂದು, ನಾರ್ವೆ ದೇಶದಲ್ಲಿ ಹುಟ್ಟಿದ್ದು. ಆರ್‌ಗೆ ಮುಖವಾದ ‘ಆರ್‌ಕೆವಾರ್ಡ್’ ಅದರ ಮೇಲೆ ನಿಂತಿದೆ. ಈ ಎರಡರಲ್ಲೂ ಕನ್ನಡದ ಒತ್ತು ಸರಿಯಾಗಿ ಕೂಡುತ್ತದೆ. ಆದರೆ ಇವುಗಳಿಂದ ಹೊಸದಾಗಿ ಮುಖ ಕಟ್ಟಲಿಕ್ಕೆ ಆರ್ ಒಂದೇ ಬಂದರೆ ಸಾಲದು, ಬೇರೆ ಭಾಷೆಯೂ ಬರಬೇಕು, ಜೋಡಣೆಯೂ ಬರಬೇಕು. ಪೇಟೆಯ ಕಂಪನಿಗೆ ಅದು ಸರಳ. ನಮ್ಮೂರಿಗೆ ಅಲ್ಲ.

ಮೂರನೆಯದು ಬ್ರೌಸರಿನ ದಾರಿ. 2012ರಲ್ಲಿ ‘ಶೈನಿ’ ಅನ್ನುವುದು ಬಂತು. ಆರ್ ಬಲ್ಲವನು ಆರ್‌ನಲ್ಲೇ ಬರೆದು, ಲೆಕ್ಕವನ್ನು ಬ್ರೌಸರಿನ ಪುಟದ ಹಾಗೆ ತೋರಿಸಬಹುದು. ಬ್ರೌಸರಿನಲ್ಲಿ ಕನ್ನಡ ಈಗ ಚಂದಾಗಿ ಕಾಣುತ್ತದೆ, ಯಾಕಂದರೆ ಒತ್ತು ಕೂಡಿಸುವ ಕೆಲಸವನ್ನು ಬ್ರೌಸರೇ ಮಾಡುತ್ತದೆ. ಇದಕ್ಕೆ ಊರಾಗ ಒಂದು ತಕರಾರು ಎದ್ದಿತು: “ಬ್ರೌಸರ್ ಅಂದ್ರ ಇಂಟರ್‌ನೆಟ್ ಬೇಕು, ನಮ್ಮಲ್ಲಿ ರೇಂಜ್ ಎಲ್ಲೈತಿ?” ಇದು ತಿಳಿಯದ ಮಾತು. ಶೈನಿಯನ್ನು ಅದೇ ಕಂಪ್ಯೂಟರಿನ ಒಳಗೆ ಓಡಿಸಿ ಅದೇ ಕಂಪ್ಯೂಟರಿನ ಬ್ರೌಸರಿನಲ್ಲಿ ನೋಡಬಹುದು, ಹೊರಗಿನ ತಂತಿ ಬೇಕಾಗಿಲ್ಲ. ವಾಚನಾಲಯದೊಳಗೆ ಒಂದು ವೈಫೈ ಡಬ್ಬಿ ಇಟ್ಟರೆ ಅಲ್ಲಿ ಕುಂತವರು ತಮ್ಮ ಮೊಬೈಲಿನಲ್ಲೂ ನೋಡಬಹುದು. ಹೊರಗಿನವರ ಯಂತ್ರದ ಮೇಲೆ ಇಟ್ಟರೆ ಮಾತ್ರ ಇಂಟರ್‌ನೆಟ್ ಬೇಕು. ಆಗ ನಮ್ಮ ಬಾವಿಯ ಲೆಕ್ಕ ಯಾರ ಮನ್ಯಾಗ ಕುಂತಿದೆ ಅನ್ನುವ ಪ್ರಶ್ನೆಯೂ ಏಳತೈತಿ.

ಶೈನಿಗೆ ಕುಂದು ಇಲ್ಲ ಅಂತಲ್ಲ. ಆರ್ ಒಂದು ಹೊತ್ತಿಗೆ ಒಂದೇ ಕೆಲಸ ಹಿಡಿಯುವಂಥದು. ಬಹಳ ಮಂದಿ ಒಮ್ಮೆಲೇ ಭಾರೀ ಲೆಕ್ಕ ಕೇಳಿದರೆ ಒಬ್ಬರ ಹಿಂದೆ ಒಬ್ಬರು ಕಾಯಬೇಕು. ಹತ್ತಿಪ್ಪತ್ತು ಮಂದಿಯ ವಾಚನಾಲಯಕ್ಕೆ ಅದು ಅಡ್ಡಿ ಅಲ್ಲ. ಸಾವಿರ ಮಂದಿಗೆ ಆಗುವಂತೆ ಕಟ್ಟಬೇಕು ಅನ್ನುವ ಎರಡನೇ ಪಂಗಡದವರು, ಸಾವಿರ ಮಂದಿ ಎಲ್ಲಿಂದ ಬರತಾರ ಅಂತ ಮೊದಲು ಹೇಳಲಿ. ಎರಡು ಎಕರೆ ಹೊಲಕ್ಕೆ ಹಾರ್ವೆಸ್ಟರ್ ಮಶೀನು ಕೊಂಡವನನ್ನು ನಾವು ಏನಂತೀವಿ?

ಅವರಿಗೆ ನನ್ನದು ಇನ್ನೊಂದು ಪ್ರಶ್ನೆ. ಹೊಸ ಸಲಕರಣೆಯಿಂದ ಮೊಬೈಲ್ ಆ್ಯಪ್ ಕಟ್ಟಿದಿರಿ ಅನ್ನೋಣ. ಕಟ್ಟಿದ ಹುಡುಗ ಬರುವ ವರ್ಷ ನೌಕರಿಗೆ ಪುಣೆಗೆ ಹೋದ. ಮೊಬೈಲಿನ ಒಳಗಿನದು ಬದಲಾಯ್ತು, ಆ್ಯಪ್ ತೆರೆಯಲಿಲ್ಲ. ಆಗ ಯಾರು ರಿಪೇರಿ ಮಾಡತಾರ? ಬಂಡಿಯ ಗಾಲಿ ಮುರಿದರೆ ಊರ ಬಡಿಗ ಇದ್ದ, ಕುಡ ಮೊಂಡಾದರೆ ಕಮ್ಮಾರ ಇದ್ದ. ರಿಪೇರಿ ಊರಾಗ ಆಗುವ ಸಾಮಾನನ್ನೇ ಹಿರಿಯರು ಹಿಡಿದುಕೊಂಡು ಬಂದರು. ಆರ್‌ನಲ್ಲೇ ಬರೆದದ್ದಾದರೆ, ಆರ್ ಕಲಿತ ಇನ್ನೊಬ್ಬ ಹುಡುಗ ಹುಡುಗಿ ಸೋಲಾಪುರದಲ್ಲೋ ಸಾಂಗಲಿಯಲ್ಲೋ ವಿಜಾಪುರದಲ್ಲೋ ಸಿಕ್ಕೇ ಸಿಗತಾರ. ಸಲಕರಣೆಯ ಬೆಲೆ ಕೇಳುವಾಗ ಕೊಳ್ಳುವ ಬೆಲೆ ಒಂದೇ ಕೇಳಬ್ಯಾಡ್ರಿ, ರಿಪೇರಿಯ ಬೆಲೆಯನ್ನೂ ಕೇಳ್ರಿ.

ಇನ್ನು ಮೂರನೇ ಪಂಗಡ, ಒಂದೇ ಗುಂಡಿ ಸಾಕು ಅನ್ನುವವರು. ಇವರ ಮೇಲೆ ನನಗೆ ಸಿಟ್ಟು ಜಾಸ್ತಿ, ಯಾಕಂದರೆ ಇವರು ನಮ್ಮ ಮೇಲೆ ಕರುಣೆ ತೋರಿಸಿದಂತೆ ಮಾತಾಡತಾರ.

ಒಂದು ಲೆಕ್ಕ ನೋಡ್ರಿ. ಒಂದು ವರ್ಷ ಹತ್ತು ಮಳೆ ಬಂತು ಅನ್ನೋಣ, ಪ್ರತಿ ಮಳೆ 25 ಮಿಲಿಮೀಟರ್. ಒಟ್ಟು 250. ಇನ್ನೊಂದು ವರ್ಷ ಒಂದೇ ರಾತ್ರಿ 160 ಹೊಡೀತು, ಉಳಿದ ಒಂಬತ್ತು ಮಳೆ ಹತ್ತು ಹತ್ತು ಮಿಲಿಮೀಟರ್. ಒಟ್ಟು ಮತ್ತೆ 250. ಗುಂಡಿ ಒತ್ತಿ ಸರಾಸರಿ ಕೇಳಿದರೆ ಎರಡೂ ವರ್ಷಕ್ಕೆ 25 ಅಂತ ಉತ್ತರ. ಮೊದಲನೇ ವರ್ಷ ಹಗೇವು ತುಂಬತಾವು. ಎರಡನೇ ವರ್ಷ ಒಡ್ಡು ಒಡೆದು, ಮಣ್ಣು ಹಳ್ಳಕ್ಕೆ ಹೋಗಿ, ಆಮೇಲೆ ತೆನಿ ಕಟ್ಟುವ ಹೊತ್ತಿಗೆ ಭೂಮಿ ಬಿರಿದಿರತೈತಿ. ಅದೇ ಸರಾಸರಿಯ ಪಕ್ಕದಲ್ಲಿ ಮಧ್ಯಾಂಕ ಇಟ್ಟರೆ, ಅಂದರೆ ಮಳೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ ನಡುವಿನದನ್ನು ನೋಡಿದರೆ, ಮೊದಲ ವರ್ಷ 25, ಎರಡನೇ ವರ್ಷ 10. ಸತ್ಯ ಅಲ್ಲಿ ಕಾಣುತ್ತದೆ. ಪ್ರತಿ ಮಳೆಗೂ ಒಂದೊಂದು ಕಂಬ ಎಳೆದ ನಕ್ಷೆ ಇದ್ದರೆ ಏಳನೇ ಇಯತ್ತೆಯೂ ಬೇಕಾಗಿಲ್ಲ, ಕಣ್ಣಿದ್ದವರಿಗೆ ತಿಳಿಯುತ್ತದೆ. ಒಂದೇ ಗುಂಡಿಯ ಮುಖ ಇದನ್ನೆಲ್ಲ ಮುಚ್ಚಿಡುತ್ತದೆ.

ಇನ್ನೊಂದು. ಮಳೆ ಬರದ ದಿನ ಸೊನ್ನೆ. ಮಳೆ ನೋಡದ ದಿನ ಖಾಲಿ. ಇವೆರಡೂ ಒಂದೇ ಅಲ್ಲ. ಐದು ದಿನದ ಮಳೆ 20, 0, ಖಾಲಿ, 10, 0 ಅಂತಿದ್ದರೆ, ಖಾಲಿಯನ್ನು ಬಿಟ್ಟು ಲೆಕ್ಕ ಮಾಡಿದರೆ ದಿನದ ಸರಾಸರಿ ಏಳೂವರೆ, ಖಾಲಿಯನ್ನು ಸೊನ್ನೆ ಅಂತ ಹಿಡಿದರೆ ಆರು. ಆರ್ ಒಳಗೆ ಇದು ಪ್ರಾಮಾಣಿಕವಾಗಿದೆ. ಖಾಲಿ ಇದ್ದಲ್ಲಿ ‘ಎನ್‌ಎ’ ಅಂತ ಗುರುತು ಹಾಕುತ್ತದೆ, ಸರಾಸರಿ ಕೇಳಿದರೆ ಉತ್ತರವೂ ‘ಎನ್‌ಎ’ ಅಂತಲೇ ಕೊಡುತ್ತದೆ. “ಖಾಲಿ ಐತಿ, ಏನ್ ಮಾಡ್ಲಿ, ನೀನೇ ಹೇಳು” ಅನ್ನುವ ಹಾಗೆ. ಆದರೆ ಮುಖ ಕಟ್ಟಿದವನು ಗುಂಡಿಯ ಹಿಂದೆ ಗಪ್‌ಚಿಪ್ಪಾಗಿ ‘ಖಾಲಿಯನ್ನು ಬಿಟ್ಟುಬಿಡು’ ಅಂತಲೋ ‘ಸೊನ್ನೆ ಹಿಡಿ’ ಅಂತಲೋ ಬರೆದಿಟ್ಟರೆ ನಮಗೆ ಗೊತ್ತೇ ಆಗುವುದಿಲ್ಲ. ಮುಖದಾಗೇನೈತಿ ಅನ್ನುವ ಮೊದಲನೇ ಪಂಗಡದವರೂ ಇದನ್ನು ಓದಿಕೊಳ್ಳಲಿ. ಲೆಕ್ಕ ಕೆಡಿಸುವುದಕ್ಕೆ ಒಳಗೆ ಕೈ ಹಾಕಬೇಕಾಗಿಲ್ಲ, ಮುಖದಲ್ಲಿ ಒಂದು ಚೌಕ ಕಡಿಮೆ ಇಟ್ಟರೆ ಸಾಕು.

ತಾರೀಖಿನ ಮಾತೂ ಹಾಗೆಯೇ. ಹವಾಮಾನ ಖಾತೆಯವರು ಮುಂಜಾನೆ ಎಂಟೂವರೆಗೆ ಮಳೆ ಅಳೆಯುತ್ತಾರೆ, ಹಿಂದಿನ 24 ತಾಸಿನ ಮಳೆ ಆ ದಿನದ ಲೆಕ್ಕಕ್ಕೆ. ಎರಡೂವರೆ ಮಿಲಿಮೀಟರ್ ಬಂದರೆ ಮಾತ್ರ ಅದು ಮಳೆಯ ದಿನ. ನಮ್ಮ ಪರದೆಯೂ ಇದೇ ನೇಮ ಹಿಡಿಯದಿದ್ದರೆ ನಮ್ಮ ಲೆಕ್ಕವನ್ನು ಅವರ ಲೆಕ್ಕದ ಪಕ್ಕದಲ್ಲಿ ಇಡಲಿಕ್ಕೇ ಬರುವುದಿಲ್ಲ. ಮೇಲೆ ಅಮೇರಿಕದವರು ತಿಂಗಳು ಮೊದಲು, ದಿನ ಆಮೇಲೆ ಬರೆಯುವವರು. ಅವರ ರೀತಿಯ ತಾರೀಖಿನ ಚೌಕ ತಂದಿಟ್ಟರೆ ಜೂನ್ ಮೂರರ ಮಿರಗದ ಮುಂಚಿನ ಮಳೆ ಮಾರ್ಚ್ ಆರಕ್ಕೆ ಹೋಗಿ ಕೂಡುತ್ತದೆ. ಸಲಕರಣೆ ಆರಿಸುವಾಗ ತಾರೀಖಿನ ಚೌಕ ನಮ್ಮ ರೀತಿಗೆ ತಿರುಗುತ್ತದೋ ಇಲ್ಲವೋ ಅಂತ ಮೊದಲೇ ನೋಡಬೇಕು.

ಇಷ್ಟೆಲ್ಲ ಯಾಕೆ ಹಟ ಅಂತ ಕೇಳಬಹುದು. ಪೀಕವಿಮೆಗೆ, ಬರಗಾಲದ ಪರಿಹಾರಕ್ಕೆ ಹಿಡಿಯುವ ಮಳೆ ನಮ್ಮ ಊರಿನದಲ್ಲ, ಮಂಡಲದ್ದು. ಮಳೆಮಾಪಕ ಇರುವ ಊರಾಗ ಒಂದು ಜಡಿ ಹೊಡೆದರೆ ಇಡೀ ಮಂಡಲ ತೊಯ್ದಂತೆ. ಹೋದ ಬರದ ವರ್ಷ ನಾವು ನಾಲ್ಕು ಮಂದಿ ನಮ್ಮ ಮಳೆ ವಹಿ ಕಟ್ಟಿಕೊಂಡು ಒಂದು ಕಚೇರಿಗೆ ಹೋದೆವು. ಅಲ್ಲಿಯವರು ವಹಿ ತಿರುವಿ ಹಾಕಿ, “ಕೈಬರಹ ಐತಿ, ವಾರದ ಒಟ್ಟು ಇಲ್ಲ, ಹಿಂದಿನ ವರ್ಷಗಳ ಹೋಲಿಕೆ ಇಲ್ಲ, ಇದನ್ನ ಎಲ್ಲಿ ಜೋಡಿಸಲಿ?” ಅಂದರು. ವಹಿಯಲ್ಲಿ ಸತ್ಯ ಇತ್ತು, ಅದಕ್ಕೆ ಮುಖ ಇರಲಿಲ್ಲ. ಅಂದಿನಿಂದ ನನಗೆ ಇದು ಹುಡುಗರ ಆಟದ ಮಾತಾಗಿ ಉಳಿದಿಲ್ಲ.

ಭಾಷೆಯ ವಿಷಯದಲ್ಲೂ ಎರಡು ಕಡೆಯವರೂ ನನ್ನ ಮೇಲೆ ಬೀಳತಾರ. ನಾವು ಇರೋದು ಮಹಾರಾಷ್ಟ್ರದಲ್ಲಿ, ಕಚೇರಿಯ ಭಾಷೆ ಮರಾಠಿ. ಮರಾಠಿಯೊಡನೆ ನನಗೆ ಜಗಳ ಇಲ್ಲ, ನಾನು ಭಜನೆಯಲ್ಲಿ ಅಭಂಗಕ್ಕೂ ತಾಳ ಹಾಕಿದವನೇ. ಮಳೆ ಅಳೆದು ಬರೆಯುವವರು ಕನ್ನಡ ಶಾಲೆ ಕಲಿತವರು, ಅವರ ಮುಂದಿನ ಚೌಕ ಕನ್ನಡದಲ್ಲಿರಬೇಕು. ಕಚೇರಿಗೆ ಒಯ್ಯುವ ಹಾಳೆ ಮರಾಠಿಯಲ್ಲಿ ಅಚ್ಚಾಗಬೇಕು. ಒಂದೇ ಲೆಕ್ಕಕ್ಕೆ ಎರಡು ಬಾಯಿ. ಇದು ಆಗದ ಕೆಲಸ ಅಲ್ಲ. ಆರ್ ತನ್ನ ಮಾತುಗಳನ್ನೇ ಬೇರೆ ಕಡತದಲ್ಲಿ ಇಟ್ಟಿದೆ. ಮೇಲೆ ಇಂಗ್ಲಿಷ್ ಮಾತು, ಅದರ ಕೆಳಗೆ ಬೇರೆ ಭಾಷೆಯ ಮಾತು. ಹಾಗೆ ಅನುವಾದ ಮಾಡುವವರಿಗೆ ಪ್ರೋಗ್ರಾಮು ಬರೆಯಲಿಕ್ಕೆ ಬರಬೇಕಾಗಿಲ್ಲ. ನಮ್ಮ ಮುಖವನ್ನೂ ಹಾಗೇ ಕಟ್ಟಬೇಕು. ಕನ್ನಡದ ಮಾತುಗಳನ್ನು ಪ್ರೋಗ್ರಾಮಿನ ಹೊಟ್ಟೆಯೊಳಗೆ ಹೊಲಿದು ಹಾಕಬಾರದು.

ಈ ಕೆಲಸಕ್ಕೆ ಗುರುಗಳು ಬೇಕು. ಪಠ್ಯಪುಸ್ತಕದಲ್ಲಿ ಕನ್ನಡಕ್ಕೆ ಮಧ್ಯಾಂಕ, ಮರಾಠಿಗೆ ಮಧ್ಯಕ ಅಂತಾರ. ಬಹುಲಕ ಅನ್ನೋದು ಎರಡರಲ್ಲೂ ಬಹುಲಕವೇ. ಇಷ್ಟು ಹತ್ತಿರ ಇರುವಾಗ ಎರಡು ಪಟ್ಟಿ ಬರೆಯುವುದು ಎಷ್ಟರ ಮಾತು? ಇದು ನಮ್ಮ ಮಣ್ಣಿಗೆ ಹೊರಗಿನ ಶಾಸ್ತ್ರ ಅಂತಲೂ ತಿಳಿಯಬಾರದು. ಹೊಲದಲ್ಲಿ ಚೀಟಿ ಎತ್ತಿದ ಹಾಗೆ ಜಾಗ ಆರಿಸಿ, ಅಳತೆಯ ಚೌಕ ಹಾಕಿ, ಅದರಲ್ಲಿಯ ಪೀಕು ಕೊಯ್ದು ಇಳುವರಿ ಅಂದಾಜು ಮಾಡುವ ಪದ್ಧತಿಯನ್ನು ದೇಶಕ್ಕೆಲ್ಲ ಬೆಳೆಸಿದವರಲ್ಲಿ ಒಬ್ಬರಾದ ಪಾಂಡುರಂಗ ಸುಖಾತ್ಮೆ ಅವರು ಹುಟ್ಟಿದ್ದು 1911ರಲ್ಲಿ, ಸಾತಾರಾ ಜಿಲ್ಲೆಯ ಬುಧ ಅನ್ನುವ ಹಳ್ಳಿಯಲ್ಲಿ. ಜಗತ್ತೇ ತಲೆಬಾಗಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಹುಟ್ಟಿದ್ದು 1920ರಲ್ಲಿ, ಹೂವಿನಹಡಗಲಿಯಲ್ಲಿ, ತೆಲುಗು ಮನೆಮಾತಿನ ಮನೆಯಲ್ಲಿ. ಒಬ್ಬರು ನಮ್ಮ ಪಡುವಣ ಕಡೆಯವರು, ಇನ್ನೊಬ್ಬರು ತೆಂಕಣ ಕಡೆಯವರು. ನಡುವೆ ಇರುವ ನಮಗೆ ಲೆಕ್ಕದ ಭಯ ಯಾಕೆ?

ಹಂಗಾದರ ನೀನು ಏನಂತೀ ಅಂತ ಕೇಳಿದರೆ, ನನ್ನ ಮಾತು ಇದು. ಒಂದು, ಕಾಗದದ ವಹಿ ನಿಲ್ಲಬಾರದು. ಕರೆಂಟು ಹೋಗತೈತಿ, ವಹಿ ಹೋಗೂದಿಲ್ಲ. ಎರಡು, ವಹಿಯಿಂದ ಕಂಪ್ಯೂಟರಿಗೆ ತುಂಬಲಿಕ್ಕೆ ಹೊಸದೇನೂ ಕಟ್ಟುವುದು ಬೇಡ. ‘ಲಿಬ್ರೆ ಆಫೀಸ್’ ಪುಕ್ಕಟೆ ಸಿಗತೈತಿ, ಅದರ ಪಟ್ಟಿಗಳು ಕನ್ನಡದಲ್ಲೇ ಬರತಾವು, ಅದರ ಹಾಳೆಯಲ್ಲಿ ತುಂಬೋಣ. ಮೂರು, ನೋಡಲಿಕ್ಕೆ, ಹೋಲಿಸಲಿಕ್ಕೆ, ಅಚ್ಚು ಹಾಕಲಿಕ್ಕೆ ಶೈನಿಯಿಂದ ಮುಖ ಕಟ್ಟೋಣ, ಅದು ವಾಚನಾಲಯದ ಕಂಪ್ಯೂಟರಿನೊಳಗೇ ಓಡಲಿ. ನಾಲ್ಕು, ಆರ್ ಕಮಾಂಡರಿನಿಂದ ಕಲಿತದ್ದನ್ನು ಬಿಡದೆ, ಪ್ರತಿ ಉತ್ತರದ ಕೆಳಗೆ ಯಾವ ಅಪ್ಪಣೆಯಿಂದ ಬಂತು, ಎಷ್ಟು ದಿನ ಖಾಲಿ ಇದ್ದವು, ಖಾಲಿಯನ್ನು ಏನು ಮಾಡಿದೆವು ಅನ್ನೋದು ಕಾಣಲಿ. ಐದು, ಶಾಲೆಯ ದೊಡ್ಡ ಮಕ್ಕಳಿಗೆ ಕಲಿಸಲಿಕ್ಕೆ ಆರ್ ಕಮಾಂಡರನ್ನೇ ಇಂಗ್ಲಿಷಿನಲ್ಲಿ ಇಟ್ಟುಕೊಳ್ಳಲಿ, ಮಕ್ಕಳಿಗೆ ಅದೂ ಬರಬೇಕು.

ಇದಕ್ಕಿಂತ ಒಳ್ಳೆಯ ಸಲಕರಣೆ ನಾಳೆ ಬಂದರೆ ಬದಲಿಸಲಿಕ್ಕೆ ನನ್ನ ಅಡ್ಡಿ ಇಲ್ಲ. ಲೆಕ್ಕ ಒಂದು ಕಡೆ, ಮಾತಿನ ಪಟ್ಟಿ ಒಂದು ಕಡೆ, ಮುಖ ಒಂದು ಕಡೆ ಬೇರೆ ಬೇರೆ ಇಟ್ಟಿದ್ದರೆ ಬಟ್ಟಲ ಬದಲಿಸಿದರೂ ಕೂರಿಗಿ ಉಳಿಯುತ್ತದೆ. ಆದರೆ ಬದಲಿಸುವವರು ಹೆಸರಿನ ಚಂದ ಹೇಳಬಾರದು. ಒತ್ತಕ್ಷರ ಕೂಡತಾವೋ, ತಾರೀಖು ತಿರುಗತೈತೋ, ಖಾಲಿ ಮತ್ತು ಸೊನ್ನೆ ಬೇರೆ ಬೇರೆ ಕಾಣತಾವೋ, ಕಟ್ಟಿದವನು ಊರು ಬಿಟ್ಟ ಮೇಲೆ ಯಾರು ತಿದ್ದತಾರ, ಈ ನಾಲ್ಕಕ್ಕೆ ಉತ್ತರ ತರಬೇಕು.

ಬರುವ ಅಮಾಸಿಯ ದಿನ ಬಾವಿ ಅಳೆದ ಮೇಲೆ ವಾಚನಾಲಯದಲ್ಲಿ ಎಲ್ಲರೂ ಕೂಡೋಣ. ಹುಡುಗರು ತಮ್ಮ ತಮ್ಮ ಸಲಕರಣೆಯಿಂದ ಒಂದೊಂದು ಪರದೆ ಮಾಡಿ ತರಲಿ. ಗುರುಗಳು ನಲವತ್ತು ಮಾತಿನ ಪಟ್ಟಿ ಎರಡೂ ಭಾಷೆಯಲ್ಲಿ ಬರೆದು ತರಲಿ. ಪರೀಕ್ಷೆ ಮಾಡುವವರು ನಾನಲ್ಲ, ಇಂಜಿನಿಯರರೂ ಅಲ್ಲ. ದಿನಾ ಮುಂಜಾನೆ ಶಾಲೆಯ ಅಂಗಳದಲ್ಲಿ ಮಳೆಯ ನೀರನ್ನು ಗಾಜಿನ ಅಳತೆಗೆ ಸುರಿದು ನೋಡುವ ನಮ್ಮ ಅಂಗನವಾಡಿಯ ಅಕ್ಕಾರು ಕುರ್ಚಿಯ ಮೇಲೆ ಕೂಡಲಿ. ಯಾರೂ ಬಾಯಿ ಬಿಟ್ಟು ಹೇಳಿಕೊಡಬಾರದು. ಅಂದಿನ ಮಳೆಯನ್ನು ಅವರು ತಾವೇ ತುಂಬಿ, ಹೋದ ವರ್ಷದ ಇದೇ ವಾರದ ಮಳೆ ಎಷ್ಟು ಅಂತ ತಾವೇ ತೆಗೆದು ಓದಿ ಹೇಳುವಂಥ ಪರದೆ ಯಾವುದೋ, ಅದನ್ನು ಕಟ್ಟಿದ ಸಲಕರಣೆಯೇ ನಮ್ಮ ಊರಿನದು.